ತೆಗೆಯುವುದೋ, ಅರ್ಧ ಸಂಬಳಕ್ಕೆ ಉಳಿಸಿಕೊಳ್ಳುವುದೋ: ಪೀಣ್ಯದಲ್ಲಿ ನಾನು ಹಾಕಿದ ಲೆಕ್ಕ

ಪೀಣ್ಯದಲ್ಲಿ ಆಟೊ ಬಿಡಿಭಾಗ ಮಾಡುವ, ನಲವತ್ತು ಜನರಿರುವ ಕಾರ್ಖಾನೆಯೊಂದರಲ್ಲಿ ಸಂಬಳ, ಪಿಎಫ್, ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಡಿಕೊಳ್ಳುವುದು ನನ್ನ ಕೆಲಸ. 2020ರ ಲಾಕ್‌ಡೌನ್ ಸಡಿಲವಾಗಿ ಗೇಟು ತೆರೆದ ಮೇಲೂ ಆರ್ಡರ್ ಅರ್ಧದಷ್ಟೇ ಬರುತ್ತಿತ್ತು.

ಆಗಸ್ಟ್‌ನಲ್ಲಿ ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ನಿಯಮ ಸಡಿಲಿಸಿದರು. ಕೆಲಸ ಕಳೆದುಕೊಂಡವರಿಗೆ ಸರಾಸರಿ ಕೂಲಿಯ 25% ಇದ್ದದ್ದು 50% ಆಯಿತು. 90 ದಿನ ಕಾಯಬೇಕಿದ್ದದ್ದು 30ಕ್ಕೆ ಇಳಿಯಿತು. ಯಜಮಾನರು ಕರೆದು ಕೇಳಿದರು: "ಅರ್ಧ ಸಂಬಳ ಇಎಸ್‌ಐನೋರೇ ಕೊಡ್ತಾರಂತಲ್ರೀ, ನಾವ್ಯಾಕೆ ಇಟ್ಕೊಂಡು ಕೊಡ್ಬೇಕು?"

ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಪೂರ್ತಿ ಕೆಲಸ ಹೋದವನಿಗಷ್ಟೇ ಆ ಹಣ. ಅರ್ಧ ಕೆಲಸ ಹೋದವನಿಗೆ ಬಿಡಿಗಾಸೂ ಇರಲಿಲ್ಲ. ಕೆಲಸಗಾರರನ್ನು ತೆಗೆಯುವ ಕಡೆಗೆ ಯೋಜನೆಯೇ ಮಾಲೀಕನನ್ನು ತಳ್ಳುತ್ತಿತ್ತು. ಜರ್ಮನಿಯ ಕುರ್ಟ್ಸ್‌ಆರ್ಬೈಟ್ ಇದಕ್ಕೆ ತದ್ವಿರುದ್ಧ: ಕೆಲಸದಲ್ಲಿ ಇಟ್ಟುಕೊಂಡರೆ, ಕಡಿಮೆಯಾದ ನಿವ್ವಳ ಸಂಬಳದ 60% ಅನ್ನು, ಮಕ್ಕಳಿದ್ದವರಿಗೆ 67% ಅನ್ನು, ಉದ್ಯೋಗ ಇಲಾಖೆ ತುಂಬಿಕೊಡುತ್ತದೆ. ನಮಗೆ ಬೇಕಿದ್ದದ್ದು ಅದು.

ಯಜಮಾನರ ಮುಂದೆ ಒಬ್ಬರ ಲೆಕ್ಕ ಇಟ್ಟೆ. 18,000 ಸಂಬಳದ, ಹನ್ನೆರಡು ವರ್ಷ ದುಡಿದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಆಪರೇಟರ್. ತೆಗೆದರೆ ಅವರಿಗೆ ತಿಂಗಳಿಗೆ ಸುಮಾರು 9,000, ಅದೂ ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಂದೇ ಸಲ. ನಾವು ಕಟ್ಟಬೇಕಾದದ್ದು, ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಒಂದು ತಿಂಗಳ ನೋಟಿಸ್ ಸಂಬಳ, ವರ್ಷಕ್ಕೆ 15 ದಿನದಂತೆ 180 ದಿನದ ಸಂಬಳ, ಮೇಲೆ ಗ್ರಾಚ್ಯುಟಿ. ಅದೂ ಕಂತಿಲ್ಲದೆ, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮಿತಿ ತುಂಬಿಹೋಗಿದ್ದ ಹೊತ್ತಿನಲ್ಲಿ. ಮಾತು ಅಲ್ಲಿಗೇ ನಿಂತಿತು.

ಎಲ್ಲರನ್ನೂ ಎರಡು ತಂಡ ಮಾಡಿ ವಾರ ಬಿಟ್ಟು ವಾರ ಕರೆದೆವು. 50 ಜನರಿಗಿಂತ ಕಡಿಮೆ ಇದ್ದುದರಿಂದ ಲೇ-ಆಫ್ ಪರಿಹಾರ, ಅಂದರೆ ಕೆಲಸ ಕೊಡಲಾಗದ ದಿನಗಳ ಪರಿಹಾರ, ಕೊಡಲೇಬೇಕೆಂಬ ಕಟ್ಟು ನಮಗಿರಲಿಲ್ಲ. ಆದರೂ ಬಿಡುವಿನ ವಾರಕ್ಕೆ ಒಂದಿಷ್ಟು ಕೊಡಿಸಿದೆ. ಇನ್ನೊಂದನ್ನು ಹಟ ಹಿಡಿದು ಕಾದೆ: ಇಎಸ್‌ಐನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಸಂಬಳದ ದಿನಗಳು ಯಾರಿಗೂ 78ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಕಾಯಿಲೆ ಬಿದ್ದಾಗಿನ ಭತ್ಯೆಗೂ ಕುತ್ತು, ನಾಳೆ ಕೆಲಸ ಹೋದರೆ ಈ ನೆರವಿಗೂ ಕುತ್ತು.

ಗುತ್ತಿಗೆಯ ಹೆಲ್ಪರ್‌ಗಳನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಅವರನ್ನು ಬಿಡಲು ಕಾರ್ಖಾನೆಗೆ ಒಂದು ಪೈಸೆ ಖರ್ಚಿರಲಿಲ್ಲ, ಹಾಗಾಗಿ ಎಲ್ಲರಿಗಿಂತ ಮೊದಲು ಹೋದವರು ಅವರೇ. ಅಕ್ಟೋಬರ್ ನಂತರ, ಹೊಸದಾಗಿ ಸೇರಿಸಿಕೊಂಡವರ ಪಿಎಫ್ ವಂತಿಗೆಯನ್ನು ಎರಡು ವರ್ಷ ಕೇಂದ್ರವೇ ಕಟ್ಟುವ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ ಬಂತು. 50 ಜನರೊಳಗಿನ ಘಟಕ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಬೇಕಿತ್ತು. ಊರಿಗೆ ಹೋಗಿದ್ದ ಹೆಲ್ಪರ್‌ಗಳಲ್ಲಿ ಇಬ್ಬರಿಗೆ ಫೋನ್ ಮಾಡಿ ಕರೆಸಿ, ಈ ಸಲ ಗುತ್ತಿಗೆದಾರನ ಪಟ್ಟಿಯಲ್ಲಲ್ಲ, ನಮ್ಮದೇ ಪಟ್ಟಿಯಲ್ಲಿ ಹೆಸರು ಬರೆಸಿದೆ.