ಉಪ್ಪುಜವುಗಿನ ಗೂಡುಗಳ ಲೆಕ್ಕ ಹಿಡಿದ ಬಗೆ

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಗ್ರೇಟ್ ಮಾರ್ಷ್ ಎಂಬ ವಿಶಾಲ ಜವುಗಿನಲ್ಲಿ ಸಾಲ್ಟ್‌ಮಾರ್ಷ್ ಸ್ಪ್ಯಾರೋ ಗುಬ್ಬಿಯ ಗೂಡುಗಳನ್ನು ದಾಖಲಿಸುವ ತಂಡವೊಂದರಲ್ಲಿ ನಾನು ಕೆಲಸ ಮಾಡಿದ್ದೇನೆ. ಮೇನ್‌ನಿಂದ ವರ್ಜೀನಿಯಾದವರೆಗಿನ ಅಟ್ಲಾಂಟಿಕ್ ತೀರದ ಉಪ್ಪುಜವುಗುಗಳನ್ನು ಬಿಟ್ಟರೆ ಈ ಹಕ್ಕಿ ಬೇರೆಲ್ಲೂ ಮರಿ ಮಾಡುವುದಿಲ್ಲ. 1998 ಮತ್ತು 2012ರ ನಡುವೆ ಇದರ ಸಂಖ್ಯೆ ವರ್ಷಕ್ಕೆ ಸುಮಾರು ಶೇ 9ರಂತೆ ಕುಸಿಯಿತು. ಗೂಡು ಹಾಳಾಯಿತು ಎಂದು ಬರೆದುಕೊಳ್ಳುವುದು ಸುಲಭ. ಯಾವುದರಿಂದ ಹಾಳಾಯಿತು ಎಂದು ಖಚಿತಪಡಿಸಿಕೊಳ್ಳುವುದೇ ನಮ್ಮ ನಿಜವಾದ ಕೆಲಸವಾಗಿತ್ತು, ಏಕೆಂದರೆ ಪರಿಹಾರವೆಲ್ಲ ಅದನ್ನೇ ಅವಲಂಬಿಸಿದೆ.

ಮೊಟ್ಟೆ ಇಡಲು ಆರಂಭಿಸಿದಂದಿನಿಂದ ಮರಿ ಗೂಡು ಬಿಡುವವರೆಗೆ ಈ ಹಕ್ಕಿಗೆ ಸುಮಾರು ಮೂರೂವರೆ ವಾರ ಬೇಕು. ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ಹೊತ್ತಿಗೆ, ಸುಮಾರು ನಾಲ್ಕು ವಾರಕ್ಕೊಮ್ಮೆ ಜವುಗಿನ ಎತ್ತರದ ಭಾಗವನ್ನೂ ಮುಳುಗಿಸುವ ಅತಿ ದೊಡ್ಡ ಉಬ್ಬರಗಳ ನಡುವೆ ಸಿಗುವ ಬಿಡುವಿನಲ್ಲೇ ಅದು ಮುಗಿಯಬೇಕು. ಉಬ್ಬರದಲ್ಲಿ ಗೂಡು ಕಳೆದುಕೊಂಡ ಹೆಣ್ಣು ಕೆಲವೇ ದಿನಗಳಲ್ಲಿ ಮತ್ತೆ ಕಟ್ಟುತ್ತದೆ, ಹೀಗಾಗಿ ಅದರ ಮುಂದಿನ ಮರಿಗಳಿಗೆ ಹೆಚ್ಚು ಕಾಲಾವಕಾಶ ದೊರೆಯುತ್ತದೆ. ಗಂಡು ಗೂಡಿನ ಕಡೆ ತಲೆ ಹಾಕುವುದಿಲ್ಲ. ಕಾವು, ಗುಟುಕು ಎಲ್ಲವೂ ಹೆಣ್ಣಿನದೇ. ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಸೀಮೆಯಲ್ಲಿ ಬೆಳೆದ ನನಗೆ ತಿಥಿಯೊಂದಿಗೆ ಏರಿಳಿಯುವ ನೀರು ಹೊಸದಲ್ಲ, ಆದರೆ ಒಂದು ಜೀವದ ಇಡೀ ಸಂತಾನ ಆ ಲೆಕ್ಕಕ್ಕೆ ಕಟ್ಟುಬಿದ್ದಿರುವುದನ್ನು ಅಲ್ಲಿಯೇ ಮೊದಲು ಕಂಡೆ.

ಸ್ಪಾರ್ಟಿನಾ ಪೇಟೆನ್ಸ್ ಎಂಬ ಸಣ್ಣೆಳೆಯ ಹುಲ್ಲು ತಲೆಗೂದಲಿನ ಸುಳಿಯಂತೆ ಮಲಗಿರುವ ಕಡೆಯಲ್ಲಿ, ನೆಲದಿಂದ ಗೇಣುದ್ದವೂ ಇಲ್ಲದ ಎತ್ತರದಲ್ಲಿ ಗೂಡು ಇರುತ್ತದೆ. ನಿಧಾನವಾಗಿ ನಡೆಯುತ್ತ, ಹೆಣ್ಣು ಕಾಲ ಬಳಿಯಿಂದ ಎದ್ದ ಜಾಗವನ್ನು ಕಣ್ಣಿನಲ್ಲೇ ಹಿಡಿದುಕೊಂಡು, ಹುಲ್ಲನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಗುರುತಿನ ಕಡ್ಡಿಯನ್ನು ಗೂಡಿನ ಪಕ್ಕದಲ್ಲಿ ನೆಡದೆ ಕೆಲವು ಮೀಟರ್ ದೂರದಲ್ಲಿ ನೆಡುತ್ತಿದ್ದೆವು ಮತ್ತು ಒಂದೇ ಜಾಡು ಮೂಡದಂತೆ ಬೇರೆ ಬೇರೆ ದಿಕ್ಕಿನಿಂದ ಬರುತ್ತಿದ್ದೆವು. ಬೇಟೆಯಾಡುವ ಪ್ರಾಣಿಗೆ ನಾವೇ ದಾರಿ ತೋರಿಸಬಾರದಷ್ಟೆ.

ಗೂಡಿನ ಒಳಪದರದಡಿ ಕೈಗಡಿಯಾರದ ಬ್ಯಾಟರಿಗಿಂತ ತುಸು ದೊಡ್ಡದಾದ ತಾಪಮಾನ ದಾಖಲಕವನ್ನು ಇಡುತ್ತಿದ್ದೆವು. ಹೆಣ್ಣು ಕಾವು ಕೂತಿರುವಾಗ ಅದರ ತಾಪದ ರೇಖೆ ಮೇಲ್ಮಟ್ಟದಲ್ಲಿ ನಿಂತಿರುತ್ತದೆ. ದೊಡ್ಡ ಉಬ್ಬರದ ಹೊತ್ತಿಗೇ ಅದು ಥಟ್ಟನೆ ನೀರಿನ ತಾಪಕ್ಕೆ ಇಳಿದಿದ್ದರೆ ಗೂಡು ಮುಳುಗಿದೆ ಎಂದರ್ಥ. ಅದರೊಂದಿಗೆ ಗೂಡನ್ನೂ ನೋಡಲೇಬೇಕು. ಬಟ್ಟಲಿನ ಹೊರಗೆ ಹುಲ್ಲಿಗೆ ಸಿಕ್ಕಿಕೊಂಡ ತಣ್ಣನೆಯ ಮೊಟ್ಟೆ ನೀರಿನ ಗುರುತು. ಅಂಚಿನಲ್ಲಿ ಹಿಕ್ಕೆಯೂ ಗರಿಯ ಹೊಟ್ಟೂ ಉಳಿದಿದ್ದು, ಮರಿಗಳ ವಯಸ್ಸೂ ಹೊಂದಿಕೆಯಾದರೆ ಅವು ಬೆಳೆದು ಗೂಡು ಬಿಟ್ಟಿವೆ ಎನ್ನಬಹುದು. ಸಣ್ಣ ಅವಧಿಯ ಮುಳುಗಡೆಯನ್ನು ಮೊಟ್ಟೆಗಳು ತಾಳಿಕೊಳ್ಳುವುದುಂಟು, ಕೊಂಚ ಬಲಿತ ಮರಿಗಳು ಹುಲ್ಲಿನ ಎಳೆ ಹಿಡಿದು ಮೇಲೇರುವುದೂ ಉಂಟು. ಆದ್ದರಿಂದ ರೇಖೆಯೊಂದನ್ನೇ ನಂಬಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ.

ನೀರೇ ಕಾರಣವೆಂದು ತಿಳಿದ ಮೇಲೂ ಸಮುದ್ರಮಟ್ಟದ ಏರಿಕೆಯನ್ನಷ್ಟೇ ದೂರಿದರೆ ಸಾಲದು. ಹಿಂದೆ ಹುಲ್ಲು ಬೆಳೆಯಲು ಹಾಕಿದ ಒಡ್ಡುಗಳೂ, 1930ರ ದಶಕದಲ್ಲಿ ಸೊಳ್ಳೆ ನಿಯಂತ್ರಣಕ್ಕೆಂದು ವ್ಯಾಪಕವಾಗಿ ತೋಡಿದ ನೇರ ಕಾಲುವೆಗಳೂ ನೀರಿನ ಸಹಜ ಹರಿವನ್ನು ಕೆಡಿಸಿವೆ. ಕಾಲುವೆ ತೋಡಿದ ಮಣ್ಣು ಬದುವಾಗಿ ನಿಂತಲ್ಲಿ ಉಬ್ಬರದ ನೀರು ಇಳಿಯದೆ ಹುಲ್ಲು ಕೊಳೆಯುತ್ತದೆ. ಅಂಥಲ್ಲಿ ಒಂದಡಿಗಿಂತ ಆಳವಿಲ್ಲದ ಸಣ್ಣ ತೋಡುಗಳನ್ನು ತೆಗೆದು ನಿಂತ ನೀರನ್ನು ಬಿಡಿಸುತ್ತಾರೆ. ಬೇಡದ ಕಾಲುವೆಯಲ್ಲಿ, ಜವುಗಿನಲ್ಲೇ ಕೊಯ್ದ ಹುಲ್ಲನ್ನು ಹಾಸಿ, ಉಬ್ಬರ ತರುವ ಹೂಳು ಅಲ್ಲಿ ನಿಂತು ತಳ ಏರುವಂತೆ ಮಾಡುತ್ತಾರೆ. ಹುಲ್ಲು ಮರಳಲು ಹಲವು ವರ್ಷ ಬೇಕಾಗುವುದರಿಂದ, ತೋಡು ತೆಗೆಯುವ ಮುಂಚೆಯೂ ಆಮೇಲೂ ಅದೇ ಜಾಗದ ಗೂಡುಗಳನ್ನು ಅದೇ ಕ್ರಮದಲ್ಲಿ ದಾಖಲಿಸಬೇಕು. ಹುಲ್ಲು ಹಸಿರಾದ ಕೂಡಲೇ ಹಣವನ್ನೂ ಜನರನ್ನೂ ಬೇರೆಡೆಗೆ ಕಳಿಸುವ ಯೋಜನೆಗಳಿಗೆ ಅಲ್ಲಿ ಮರಿಗಳು ಉಳಿದವೋ ಇಲ್ಲವೋ ಎಂಬುದು ಗೊತ್ತೇ ಆಗುವುದಿಲ್ಲ.