ಎರಡನೇ ರಿಪೇರಿಗೆ ಒಪ್ಪಬೇಕಾಗಿಲ್ಲ: ಬ್ರಿಟನ್‌ಗೆ ಹೋದ ನಮ್ಮ ಮೈಸೂರು, ಮಂಡ್ಯದವರಿಗೆ

ಹೋದ ತಿಂಗಳು ಒಂದು ರಾತ್ರಿ ಮಂಡ್ಯದ ಗೆಳೆಯನ ಮಗಳು ಕೊವೆಂಟ್ರಿಯಿಂದ ಫೋನ್ ಮಾಡಿದಳು. ನಾಲ್ಕು ಹುಡುಗಿಯರು ಸೇರಿ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ದುಡ್ಡು ಹಾಕಿಕೊಂಡು ಹೊಸ ವಾಷಿಂಗ್ ಮಷಿನ್ ತಗೊಂಡು ನಾಲ್ಕು ತಿಂಗಳಾಗಿತ್ತು. "ಅಂಕಲ್, ಮಷಿನ್ ಮತ್ತೆ ನಿಂತುಹೋಯ್ತು. ಇದು ಮೂರನೇ ಸಲ. ಅಂಗಡಿಯವರು ಕಂಪನಿಗೆ ಫೋನ್ ಮಾಡಿ ಅಂತಾರೆ. ಕಂಪನಿಯವರು ಇನ್ನೊಂದು ಸಲ ಮೆಕ್ಯಾನಿಕ್ ಕಳಿಸ್ತೀವಿ ಅಂತಾರೆ. ಏನು ಮಾಡ್ಲಿ?"

ದನಿಯಲ್ಲಿ ಅಳು ಇತ್ತು. ಹೊರಗೆ ಚಳಿ, ಓದಿನ ಒತ್ತಡ, ಜೊತೆಗೆ ಬಟ್ಟೆ ಚೀಲ ಹೊತ್ತು ದುಡ್ಡು ಕೊಟ್ಟು ಒಗೆಯುವ ಅಂಗಡಿಗೆ ಓಡಾಟ. ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿದ್ದು ಈಗ ಮೈಸೂರಿಗೆ ವಾಪಸ್ ಬಂದು ಸರಸ್ವತಿಪುರಂನಲ್ಲಿದ್ದೇನೆ. ನಮ್ಮ ಬೀದಿಯ ಮೂರು ಮನೆಗಳ ಮಕ್ಕಳು ಈಗ ಅಲ್ಲಿದ್ದಾರೆ. ಹೊರಡುವ ಮುಂಚೆ ವೀಸಾ ಬಗ್ಗೆ, ಸೂಟ್‌ಕೇಸ್ ತೂಕದ ಬಗ್ಗೆ, ಚಟ್ನಿಪುಡಿ ಹೇಗೆ ಕಟ್ಟಬೇಕು ಅನ್ನೋದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಷ್ಟಪಟ್ಟು ಕೊಂಡ ಸಾಮಾನು ಕೆಟ್ಟರೆ ಯಾರನ್ನು ಕೇಳಬೇಕು ಅಂತ ಯಾರೂ ಹೇಳುವುದಿಲ್ಲ.

ಕೇಳಬೇಕಾದ್ದು ಅಂಗಡಿಯವರನ್ನು. ತಯಾರಿಸಿದ ಕಂಪನಿಯನ್ನಲ್ಲ.

ಇದು ನಮ್ಮವರ ತಲೆಗೆ ಬೇಗ ಹತ್ತುವುದಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ಫ್ರಿಡ್ಜ್ ತಗೊಂಡು ಅದು ಕೆಟ್ಟರೆ ಸರ್ವಿಸ್ ಸೆಂಟರ್ ನಂಬರ್ ಕೈಗೆ ಬರುತ್ತದೆ. ವಾರಂಟಿ ಕಾರ್ಡ್ ಇಟ್ಟುಕೊಂಡು ನಾವು ಆ ನಂಬರ್‌ಗೆ ಫೋನ್ ಮಾಡುತ್ತಾ ಕೂರುತ್ತೇವೆ. ಅದೇ ಅಭ್ಯಾಸ ವಿಮಾನ ಹತ್ತಿ ಅಲ್ಲಿಗೂ ಬರುತ್ತದೆ. ಬ್ರಿಟನ್‌ನಲ್ಲಿ 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಅಂತ ಒಂದು ಕಾನೂನಿದೆ. ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮಾರಿದ ಸಾಮಾನು ಒಳ್ಳೆಯ ಗುಣಮಟ್ಟದ್ದಾಗಿರಬೇಕು, ಯಾವ ಕೆಲಸಕ್ಕೆ ಕೊಂಡಿರೋ ಆ ಕೆಲಸ ಮಾಡಬೇಕು, ಹೇಳಿ ಮಾರಿದ ಹಾಗೇ ಇರಬೇಕು. ಇಲ್ಲದಿದ್ದರೆ ಅದಕ್ಕೆ ಹೊಣೆ ನಿಮ್ಮಿಂದ ದುಡ್ಡು ತಗೊಂಡವರು. ಕಂಪನಿಯ ವಾರಂಟಿ ಅನ್ನೋದು ಇದರ ಮೇಲೆ ಸಿಗುವ ಹೆಚ್ಚುವರಿ ಸೌಲಭ್ಯ, ಅಷ್ಟೆ. ಅದು ಮುಗಿದರೂ ಈ ಹಕ್ಕು ಮುಗಿಯುವುದಿಲ್ಲ. ಹಾಗಾಗಿ ಬಿಲ್ ಹಾಕುವಾಗ "ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ" ಅಂದರೆ ಹೆದರಿ ತಗೊಳ್ಳಬೇಡಿ. ಮನೆಗೆ ಹೋಗಿ ಯೋಚಿಸಿ.

ಈ ಕಾನೂನಿನಲ್ಲಿ ಎರಡು ಗಡುವುಗಳು ಮುಖ್ಯ: 30 ದಿನ ಮತ್ತು ಆರು ತಿಂಗಳು.

ಸಾಮಾನು ಕೈಗೆ ಬಂದ 30 ದಿನದೊಳಗೆ ದೋಷ ಕಂಡರೆ ರಿಪೇರಿಯ ಮಾತೇ ಬೇಡ. ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ದೋಷ ಇದೆ ಅಂತ ನೀವು ತೋರಿಸಬೇಕಾಗುತ್ತದೆ. ಅದಕ್ಕೇ ಕೆಟ್ಟ ತಕ್ಷಣ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಎರರ್ ಕೋಡ್, ನೆಲಕ್ಕೆ ಹರಿದ ನೀರು, ಡ್ರಮ್ಮಿನ ಸದ್ದು ಎಲ್ಲಾ ಸಿಗಲಿ. ಈ 30 ದಿನದೊಳಗೆ ನೀವಾಗಿಯೇ ರಿಪೇರಿ ಕೇಳಿದರೆ, ರಿಪೇರಿ ಆಗಿ ಬರುವವರೆಗೆ ದಿನದ ಲೆಕ್ಕ ನಿಲ್ಲುತ್ತದೆ. ಬಂದ ಮೇಲೆ ಉಳಿದ ದಿನಗಳು ಸಿಗುತ್ತವೆ. ಉಳಿದದ್ದು ಒಂದೆರಡೇ ದಿನವಾದರೂ ಕನಿಷ್ಠ ಏಳು ದಿನ ನಿಮ್ಮದು.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಇನ್ನೊಂದು ದಾರಿಯೂ ಇದೆ. ಸಾಮಾನು ಬಂದ ಮೇಲೆ 14 ದಿನದೊಳಗೆ ಯಾವ ಕಾರಣವೂ ಹೇಳದೆ ಬೇಡ ಅನ್ನಬಹುದು.

ಇನ್ನು 30 ದಿನ ದಾಟಿದ ಮೇಲಿನ ಮಾತು. ನಮ್ಮವರು ಜಾಸ್ತಿ ಸೋಲುವುದು ಇಲ್ಲೇ. ಆಗ ಅಂಗಡಿಯವರಿಗೆ ಒಂದು ಅವಕಾಶ ಕೊಡಬೇಕು: ಒಂದು ಸಲ ರಿಪೇರಿ, ಅಥವಾ ಒಂದು ಸಲ ಬದಲಿ ಸಾಮಾನು. ಖರ್ಚೆಲ್ಲಾ ಅವರದು. ತಿಂಗಳುಗಟ್ಟಲೆ ಎಳೆಯುವ ಹಾಗಿಲ್ಲ, ನಿಮಗೆ ವಿಪರೀತ ತೊಂದರೆ ಕೊಡುವ ಹಾಗೂ ಇಲ್ಲ. ಅದಾದ ಮೇಲೂ ಮಷಿನ್ ಕೆಟ್ಟರೆ ಎರಡನೇ ರಿಪೇರಿಗೆ ನೀವು ಒಪ್ಪಬೇಕಾಗಿಲ್ಲ. ಮೊದಲ ಸಲ ಬೇರಿಂಗ್ ಹೋಗಿ, ಈ ಸಲ ಪಂಪ್ ಹೋದರೂ ಅಷ್ಟೇ. ಬೇರೆ ದೋಷ ಅನ್ನೋದು ನೆಪ ಆಗುವುದಿಲ್ಲ. ವಾಪಸ್ ಕೊಟ್ಟು ದುಡ್ಡು ಕೇಳಬಹುದು, ಇಲ್ಲವೇ ಸಾಮಾನು ಇಟ್ಟುಕೊಂಡು ಬೆಲೆಯಲ್ಲಿ ಒಂದು ಭಾಗ ವಾಪಸ್ ಕೇಳಬಹುದು. ವಾಪಸ್ ಕೊಟ್ಟು ದುಡ್ಡು ಕೇಳುವ ಈ ಕೊನೆಯ ಹಕ್ಕಿಗೆ ಅಲ್ಲಿ 'ಫೈನಲ್ ರೈಟ್ ಟು ರಿಜೆಕ್ಟ್' ಅಂತಾರೆ. ಕಾನೂನಿನ 24ನೇ ಸೆಕ್ಷನ್. ಈ ನಾಲ್ಕು ಪದ ಬಾಯಿಪಾಠ ಮಾಡಿಕೊಳ್ಳಿ. ಕೌಂಟರ್‌ನಲ್ಲಿ ನಿಂತು ಸಮಾಧಾನವಾಗಿ ಇದನ್ನು ಹೇಳಿದಾಗ ಎದುರಿನವರ ಮಾತಿನ ಧಾಟಿ ಬದಲಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆರು ತಿಂಗಳ ಗಡುವು ಏಕೆ ಮುಖ್ಯ ಅಂದರೆ, ಸಾಮಾನು ಬಂದ ಆರು ತಿಂಗಳೊಳಗೆ ಕಂಡ ದೋಷ ಮೊದಲಿನಿಂದಲೇ ಇತ್ತು ಅಂತ ಕಾನೂನು ಎಣಿಸುತ್ತದೆ. ರಿಪೇರಿಗೆ, ಬದಲಿಗೆ, ಈ ಕೊನೆಯ ಹಕ್ಕಿಗೆ ಎಲ್ಲಕ್ಕೂ ಇದು ಅನ್ವಯ. "ನೀವೇ ಜಾಸ್ತಿ ಬಟ್ಟೆ ತುಂಬಿ ಕೆಡಿಸಿದ್ದೀರಿ" ಅಂತ ಅವರು ಹೇಳಿದರೆ ಅದನ್ನು ಅವರೇ ಸಾಬೀತು ಮಾಡಬೇಕು. ಇನ್ನೊಂದು ವಿಷಯ: ಆರು ತಿಂಗಳೊಳಗೆ ವಾಪಸ್ ಕೊಟ್ಟರೆ ಇಷ್ಟು ದಿನ ಬಳಸಿದ್ದಕ್ಕೆ ಅಂತ ದುಡ್ಡು ಕಡಿಯುವ ಹಾಗಿಲ್ಲ. ಕಾರು, ಬೈಕಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಆರು ತಿಂಗಳು ದಾಟಿದರೆ ಕಡಿಯಬಹುದು.

ನಮ್ಮ ಮನೆಯಲ್ಲಿ ಆಗಿದ್ದು ಇದೇ. 2017ರಲ್ಲಿ 329 ಪೌಂಡ್ ಕೊಟ್ಟು ಮಷಿನ್ ತಂದಿದ್ದೆವು. ಮಗಳಿಗೆ ಆಗ ಎಂಟು ತಿಂಗಳು. ನಾಲ್ಕನೇ ತಿಂಗಳಿಗೆ ಡ್ರಮ್ ಸದ್ದು ಶುರುವಾಯಿತು. ಮೆಕ್ಯಾನಿಕ್ ಬಂದು ಬೇರಿಂಗ್ ಹಾಕಿದ. ಮೂರು ವಾರಕ್ಕೆ ನೀರು ಹೊರಗೆ ಹೋಗುವುದೇ ನಿಂತಿತು. ಅವತ್ತೇ ನಾವು ದುಡ್ಡು ಕೇಳಬಹುದಿತ್ತು. ನಮಗೆ ಗೊತ್ತಿರಲಿಲ್ಲ. ಪರದೇಶದಲ್ಲಿ ಜಗಳ ಯಾಕೆ ಅಂತ ಇನ್ನೊಂದು ರಿಪೇರಿಗೆ ಒಪ್ಪಿದೆವು, ಆಮೇಲೆ ಮತ್ತೊಂದಕ್ಕೆ. ಪ್ರತಿ ಸಲ ಎರಡು ಮೂರು ವಾರ ಕಾಯುವುದು. ನನ್ನ ಹೆಂಡತಿ ಚಳಿಗಾಲದಲ್ಲಿ ಬಾತ್‌ಟಬ್‌ನಲ್ಲಿ ಮಗುವಿನ ಬಟ್ಟೆ ಕೈಯಲ್ಲಿ ಒಗೆದಳು. ಅವಳ ಬೆರಳು ಬಿರಿದದ್ದು ನನಗೆ ಇವತ್ತಿಗೂ ಮರೆತಿಲ್ಲ. ಪಕ್ಕದ ಮನೆಯ ಅಜ್ಜಿ ಕಾನೂನಿನ ವಿಷಯ ಹೇಳುವ ಹೊತ್ತಿಗೆ ಏಳು ತಿಂಗಳು ದಾಟಿತ್ತು. ದುಡ್ಡು ಬಂತು, ಆದರೆ ಬಳಕೆಯ ಲೆಕ್ಕಕ್ಕೆ ಒಂದಿಷ್ಟು ಕಡಿದು ಬಂತು. ಸುಮ್ನೆ ಒಪ್ಪಿಕೊಂಡು ಕೂತದ್ದಕ್ಕೆ ಕಳಕೊಂಡ ದುಡ್ಡು ಅದು.

ಆರು ತಿಂಗಳ ಮೇಲೆ ಕೆಟ್ಟರೆ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಆರು ವರ್ಷದವರೆಗೆ, ಸ್ಕಾಟ್ಲೆಂಡಿನಲ್ಲಿ ಐದು ವರ್ಷದವರೆಗೆ ಕೋರ್ಟಿಗೆ ಹೋಗಬಹುದು. ಹಾಗಂತ ಆರು ವರ್ಷದ ಗ್ಯಾರಂಟಿ ಇದೆ ಅಂತಲ್ಲ. ದೋಷ ಮೊದಲಿನಿಂದ ಇತ್ತು ಅಂತ ಈಗ ನೀವು ತೋರಿಸಬೇಕು. ಅಂಗಡಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್‌ನಿಂದ ಬರಹದಲ್ಲಿ ವರದಿ ತಗೊಳ್ಳಿ. ವರದಿ ನಿಮ್ಮ ಪರ ಬಂದರೆ ಅದರ ಖರ್ಚನ್ನೂ ಕೇಳಿ. ಇಪ್ಪತ್ತು ಪೌಂಡಿನ ಕೆಟಲ್‌ಗೆ ಇಷ್ಟೆಲ್ಲಾ ಬೇಡ. ಫ್ರಿಡ್ಜ್, ಡಿಶ್‌ವಾಷರ್ ತರಹದ್ದಕ್ಕೆ ಖಂಡಿತ ಮಾಡಿ.

ದುಡ್ಡು ಹೇಗೆ ಕೊಟ್ಟಿರಿ ಅನ್ನೋದೂ ಮುಖ್ಯ. ಬೆಲೆ 100 ಪೌಂಡಿಗಿಂತ ಜಾಸ್ತಿ, 30,000 ಪೌಂಡ್ ಒಳಗೆ ಇದ್ದು ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡಿದ್ದರೆ, ಅಂಗಡಿಯಷ್ಟೇ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿನದೂ ಹೌದು. 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್, 75ನೇ ಸೆಕ್ಷನ್. ಸ್ವಲ್ಪ ಭಾಗ ಮಾತ್ರ ಕಾರ್ಡ್‌ನಲ್ಲಿ ಕೊಟ್ಟಿದ್ದರೂ ಪೂರ್ತಿ ಬೆಲೆಗೆ ಈ ರಕ್ಷಣೆ ಇದೆ. ಅಂಗಡಿಯೇ ಮುಚ್ಚಿಹೋದರೂ ಬ್ಯಾಂಕನ್ನು ಕೇಳಬಹುದು. ಆದರೆ ಮೈಸೂರಿನ ಬ್ಯಾಂಕಿನಿಂದ ತಗೊಂಡು ಹೋದ ಕಾರ್ಡನ್ನು ಇದಕ್ಕೆ ನಂಬಬೇಡಿ. ಅದು ಬ್ರಿಟನ್ನಿನ ಸಾಲದ ಕಾನೂನಿಗೆ ಒಳಪಟ್ಟ ಕಾರ್ಡ್ ಆಗಿರಬೇಕು. ಡೆಬಿಟ್ ಕಾರ್ಡ್ ಆದರೆ 'ಚಾರ್ಜ್‌ಬ್ಯಾಕ್', ಅಂದರೆ ಕೊಟ್ಟ ದುಡ್ಡನ್ನು ಬ್ಯಾಂಕಿನ ಮೂಲಕ ವಾಪಸ್ ತರಿಸಿಕೊಡಿ ಅಂತ ಕೇಳಿ. ಅದು ಕಾನೂನಲ್ಲ, ಕಾರ್ಡ್ ಸಂಸ್ಥೆಗಳ ನಿಯಮ. ಸಾಮಾನ್ಯವಾಗಿ 120 ದಿನದೊಳಗೆ ಕೇಳಬೇಕು. ಬ್ಯಾಂಕು ಎಂಟು ವಾರದಲ್ಲಿ ನಿಮ್ಮ ದೂರಿಗೆ ಕೊನೆಯ ಉತ್ತರ ಕೊಡದಿದ್ದರೆ, ಅಥವಾ ಆಗಲ್ಲ ಅಂದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಫೈನಾನ್ಶಿಯಲ್ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಫೀಸಿಲ್ಲ.

ಅಂಗಡಿಯ ಜೊತೆಗಿನ ಎಲ್ಲ ಮಾತೂ ಬರಹದಲ್ಲಿರಲಿ. ಫೋನಿನಲ್ಲಿ ಮಾತಾಡಿದರೂ ಆಮೇಲೆ "ಇವತ್ತು ಹೀಗೆ ಮಾತಾಯಿತು" ಅಂತ ಒಂದು ಇಮೇಲ್ ಹಾಕಿ. ಕೊಂಡ ದಿನ, ಮೊದಲ ಸಲ ಕೆಟ್ಟ ದಿನ, ರಿಪೇರಿಯಾದ ದಿನ, ಮತ್ತೆ ಕೆಟ್ಟ ದಿನ, ಇಷ್ಟು ಇದ್ದರೆ ಅರ್ಧ ಕೆಲಸ ಆದಂತೆ. ಕೊನೆಯಲ್ಲಿ ಏನು ಬೇಕು ಅಂತ ನೇರ ಬರೆಯಿರಿ. ಅವರು ದುಡ್ಡು ಕೊಡಲು ಒಪ್ಪಿದ ಮೇಲೆ 14 ದಿನದೊಳಗೆ ಕೊಡಬೇಕು. ಭಾರದ ಮಷಿನ್ ವಾಪಸ್ ಒಯ್ಯುವ ಖರ್ಚೂ ಅವರದೇ.

ಒಪ್ಪದಿದ್ದರೆ ಜನರಿಗೆ ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ. ಇಂಗ್ಲೆಂಡ್, ವೇಲ್ಸ್‌ನವರಿಗೆ ನಂಬರ್ 0808 223 1133. ದುಡ್ಡು ಹಿಡಿಯುವುದಿಲ್ಲ, ನಿಮ್ಮ ವೀಸಾ ಯಾವುದು ಅಂತ ಇಲ್ಲಿ ಯಾವ ಪ್ರಶ್ನೆಯೂ ಬರುವುದಿಲ್ಲ. ಸ್ಟೂಡೆಂಟ್ ವೀಸಾದಲ್ಲಿದ್ದೀವಿ, ದೂರು ಕೊಟ್ಟರೆ ಏನಾದರೂ ಆಗುತ್ತಾ ಅಂತ ಎಷ್ಟೋ ಮಕ್ಕಳು ಹೆದರುತ್ತಾರೆ. ಸಾಮಾನು ಕೊಂಡವರು ಯಾರಾದರೂ ಹಕ್ಕು ಒಂದೇ. ಅದಕ್ಕೂ ಬಗ್ಗದಿದ್ದರೆ ಕೋರ್ಟಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 10,000 ಪೌಂಡ್‌ವರೆಗಿನ ವಿಷಯ 'ಸ್ಮಾಲ್ ಕ್ಲೈಮ್ಸ್'ಗೆ, ಅಂದರೆ ಸಣ್ಣ ಮೊತ್ತದ ದಾವೆಗಳ ಸರಳ ವಿಚಾರಣೆಗೆ ಬರುತ್ತದೆ. ವಕೀಲರು ಬೇಕಿಲ್ಲ, ಆನ್‌ಲೈನ್‌ನಲ್ಲೇ ಹಾಕಬಹುದು. 300 ಪೌಂಡ್‌ವರೆಗಿನದಕ್ಕೆ ಫೀಸು 35 ಪೌಂಡ್, ಗೆದ್ದರೆ ಅದೂ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಹಾಕುವ ಮುಂಚೆ 14 ದಿನ ಗಡುವು ಕೊಟ್ಟು ಕೊನೆಯ ಪತ್ರ ಬರೆಯಿರಿ. ಹೆಚ್ಚಿನ ಜಗಳ ಆ ಪತ್ರದಲ್ಲೇ ಮುಗಿಯುತ್ತದೆ.

ಕೆಲವು ಕಡೆ ಈ ಕಾನೂನು ಕೈ ಹಿಡಿಯುವುದಿಲ್ಲ. ಬಾಡಿಗೆ ಮನೆಯ ಜೊತೆಗೇ ಬಂದ ಮಷಿನ್ ನಿಮ್ಮದಲ್ಲ, ಮಾಲೀಕರದು. ಅದರ ರಿಪೇರಿ ಯಾರದು ಅನ್ನೋದು ಬಾಡಿಗೆ ಕರಾರಿನಲ್ಲಿರುತ್ತದೆ, ಸಹಿ ಹಾಕುವ ಮುಂಚೆ ಓದಿ. ಯಾರೋ ಮನೆ ಖಾಲಿ ಮಾಡುವವರಿಂದ ಕೊಂಡ ಹಳೇ ಫ್ರಿಡ್ಜ್ ಅವರು ಹೇಳಿದ ಹಾಗೆ ಇದ್ದರೆ ಸಾಕು, ಗುಣಮಟ್ಟದ ಮಾತು ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಕೊಂಡರೆ ಮಾತ್ರ ಹಕ್ಕಿದೆ. ನಾಲ್ಕು ಜನ ಸೇರಿ ಕೊಂಡಾಗ ಬಿಲ್ ಯಾರ ಹೆಸರಲ್ಲಿದೆಯೋ ಅವರೇ ದೂರು ಬರೆಯಲಿ. ಇನ್ನು ಊರಿಂದ ಹೊತ್ತುಕೊಂಡು ಹೋದ ಮಿಕ್ಸಿ, ಗ್ರೈಂಡರ್‌ಗೆ ಅಲ್ಲಿನ ಕಾನೂನು ಬರುವುದಿಲ್ಲ. ಸುಟ್ಟ ವಾಸನೆ ಬಂದರೆ ಪ್ಲಗ್ ಕಿತ್ತುಬಿಡಿ, ಇಡ್ಲಿಗಿಂತ ಜೀವ ದೊಡ್ಡದು.

ಅಲ್ಲಿ ಕೂತು ಇಲ್ಲಿನ ಅಪ್ಪ ಅಮ್ಮನಿಗೆ ಸಾಮಾನು ಕಳಿಸುವವರಿಗೂ ಒಂದು ಮಾತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಷ್ಟು ಸಲ ರಿಪೇರಿ ಅಂತ ಲೆಕ್ಕವಿಲ್ಲ. ಆದರೆ ಒಂದು ದೊಡ್ಡ ಅನುಕೂಲ ಇದೆ. ದುಡ್ಡು ಕೊಟ್ಟವರು ನೀವಾದರೂ, ನಿಮ್ಮ ಒಪ್ಪಿಗೆಯಿಂದ ಬಳಸುವ ಅಪ್ಪನೂ ಗ್ರಾಹಕರೇ. ಆನ್‌ಲೈನ್ ಅಂಗಡಿ ಎಲ್ಲೇ ಇರಲಿ, ಅಪ್ಪ ತಾವಿರುವ ಮೈಸೂರು ಅಥವಾ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗೆ ಫೀಸಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು ನಮ್ಮ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸಿ.

ಕೊವೆಂಟ್ರಿಯ ಹುಡುಗಿ ಅವತ್ತೇ ಪತ್ರ ಬರೆದು ನನಗೆ ಕಳಿಸಿದಳು. ಎಲ್ಲಾ ಚೆನ್ನಾಗಿತ್ತು. ಕೊನೆಗೆ ಮಾತ್ರ "ದಯವಿಟ್ಟು ಇನ್ನೊಂದು ಸಲ ರಿಪೇರಿ ಮಾಡಿಕೊಡಿ" ಅಂತ ಇತ್ತು. ಆ ಸಾಲು ಹೊಡೆದು, ಇನ್ನು ರಿಪೇರಿ ಬೇಡ, ಪೂರ್ತಿ ದುಡ್ಡು ಕೊಡಿ ಅಂತ ಬರೆಯಲು ಹೇಳಿದೆ. ಹನ್ನೆರಡನೇ ದಿನ ಅವಳ ಖಾತೆಗೆ ದುಡ್ಡು ಬಂತು. ಹಳೇ ಮಷಿನ್ನನ್ನು ಅಂಗಡಿಯವರೇ ಬಂದು ಎತ್ತಿಕೊಂಡು ಹೋದರು.