ಗಾಜಿನಂಗಡಿಯ ಯಜಮಾನ ಮತ್ತು ನನ್ನ ಹೊಲಿಗೆ ಮಿಷನ್ನು

ಪಾವ್ಲೊ ಕೊಯೆಲೊ ಅವರ 'ದಿ ಆಲ್ಕೆಮಿಸ್ಟ್' ಕಾದಂಬರಿ ಓದಿದವರೆಲ್ಲ ಕುರಿ ಕಾಯುವ ಹುಡುಗ ಸ್ಯಾಂಟಿಯಾಗೊನ ಬಗ್ಗೆಯೇ ಮಾತಾಡುತ್ತಾರೆ. ನಿಧಿ ಹುಡುಕಿಕೊಂಡು ಸ್ಪೇನಿನಿಂದ ಈಜಿಪ್ಟಿಗೆ ಹೊರಟವನು, ಧೈರ್ಯವಂತ. ಆದರೆ ನನ್ನ ಮನಸ್ಸಿನಲ್ಲಿ ಕೂತವನು, ದಾರಿಯಲ್ಲಿ ಆ ಹುಡುಗ ಕೆಲಸಕ್ಕೆ ಸೇರುವ, ಮೊರಾಕ್ಕೊದ ಟ್ಯಾಂಜಿಯರ್ ಊರಿನ ಗಾಜಿನ ಸಾಮಾನಿನ ಅಂಗಡಿಯವನು. 30 ವರ್ಷ ಅದೇ ಅಂಗಡಿ. ಮೆಕ್ಕಾಗೆ ಹೋಗಬೇಕು ಅನ್ನೋದು ಅವನ ಆಸೆ, ಆದರೆ ಕೈಯಲ್ಲಿ ದುಡ್ಡು ಓಡಾಡಿದ ಮೇಲೂ ಹೋಗುವುದಿಲ್ಲ, ಯಾಕೆಂದರೆ ಹೋಗಿ ಬಂದರೆ ಆಮೇಲೆ ಬದುಕೋಕೆ ಏನು ಉಳಿಯುತ್ತದೆ ಅನ್ನೋ ಭಯ.

ಅಲ್ಲಿಗೆ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ. ಟೈಲರಿಂಗ್ ಅಂಗಡಿ ಇಡುತ್ತೇನೆ ಅಂತ 12 ವರ್ಷದಿಂದ ಹೇಳುತ್ತಲೇ ಬಂದಿದ್ದೆ. ದುಡ್ಡಿಲ್ಲ, ಮಕ್ಕಳು ಚಿಕ್ಕವರು ಅನ್ನುತ್ತಿದ್ದೆ. ನಿಜ ಏನೆಂದರೆ, ಲೆಕ್ಕ ಬರೆಯೋ ಕೆಲಸದಲ್ಲಿ ಬೇಜಾರಾದಾಗಲೆಲ್ಲ ಆ ಅಂಗಡಿಯನ್ನೇ ನೆನೆಯುತ್ತಿದ್ದೆ, ಬೋರ್ಡಿನ ಬಣ್ಣದ ಸಮೇತ. ಅಂಗಡಿ ಇಟ್ಟು ಅದು ನಡೆಯದೇ ಹೋದರೆ, ಹಾಗೆ ನೆನೆಯೋಕೂ ಏನೂ ಇರುವುದಿಲ್ಲ ಅಲ್ವಾ?

ದಾರಿ ಸಿಕ್ಕಿದ್ದೂ ಅದೇ ಭಾಗದಲ್ಲಿ. ಗಾಜಿನ ಸಾಮಾನನ್ನು ಅಂಗಡಿಯ ಹೊರಗೆ ಜೋಡಿಸಿಡೋಣ ಅಂತ ಹುಡುಗ ಹೇಳುತ್ತಾನೆ. ಜನ ತಾಗಿಸಿ ಒಡೆದರೆ ಅಂತ ಯಜಮಾನನಿಗೆ ಹೆದರಿಕೆ. ಕುರಿ ಮೇಯಿಸುವಾಗಲೂ ಹಾವು ಕಚ್ಚಿ ಒಂದೆರಡು ಸಾಯಬಹುದಿತ್ತು, ಕುರಿ ಕಾಯೋದು ಅಂದರೆ ಹಾಗೇ ಅನ್ನುತ್ತಾನೆ ಹುಡುಗ. ಹಾಗಾದರೆ ನನ್ನದರಲ್ಲಿ ಸಾಯುವ ಕುರಿ ಯಾವುದು ಅಂತ ಲೆಕ್ಕ ಹಾಕಿದೆ. ಹಾಳಾಗುವ ಬ್ಲೌಸ್ ಪೀಸು, ಅಷ್ಟೇ. ಮೊದಲ ಬಟ್ಟೆ ಹಿಡಿಯುವ ಮುಂಚೆಯೇ ಅದಕ್ಕೆಂದು 2,000 ರೂಪಾಯಿ ಒಂದು ಕವರಿನಲ್ಲಿ ತೆಗೆದಿಟ್ಟೆ. ಕೆಲಸ ಬಿಡಲಿಲ್ಲ. ಭಾನುವಾರ ಮಾತ್ರ, ಮೂರೇ ಬ್ಲೌಸು. ನಾನೇ ಹೊಲಿದ ಒಂದನ್ನು ಬೀದಿ ಕಡೆ ಕಿಟಕಿಗೆ ನೇತುಹಾಕಿದೆ, ಅದಕ್ಕೇ ನನಗೆ ಜಾಸ್ತಿ ಧೈರ್ಯ ಬೇಕಾಯಿತು.

ಎರಡನೇ ವಾರವೇ ಒಬ್ಬರ ರೇಷ್ಮೆ ಸೀರೆಯ ಬ್ಲೌಸಿಗೆ ತೋಳು ಚಿಕ್ಕದಾಗಿ ಕತ್ತರಿಸಿಬಿಟ್ಟೆ. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ಕವರು ಹಿಡಿದು ಅವರ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಯ್ತು ಬಿಡಮ್ಮ, ಬೇರೆ ಬಟ್ಟೆ ತಂದು ಹೊಲಿದು ಕೊಡು" ಅಂದರು. ಹಿಂದಿನ ರಾತ್ರಿ ನಾನು ಹೆದರಿಕೊಂಡು ಮನಸ್ಸಿನಲ್ಲೇ ಕೇಳಿಸಿಕೊಂಡ ಮಾತುಗಳಲ್ಲಿ ಒಂದೂ ಅವರ ಬಾಯಿಂದ ಬರಲಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಮಳಿಗೆ ಬಾಡಿಗೆಗೆ ಹಿಡಿದೆ. ಬೋರ್ಡು ನಾನು ನೆನೆಯುತ್ತಿದ್ದ ಬಣ್ಣದ್ದಲ್ಲ, ಮೊದಲಿದ್ದವರದ್ದಕ್ಕೇ ಹೆಸರು ಬದಲಿಸಿದ್ದು. ಕವರು ಇವತ್ತಿಗೂ ಮಿಷನ್ನಿನ ಡ್ರಾಯರಿನಲ್ಲಿದೆ, ಖಾಲಿಯಾದಾಗ ತುಂಬಿಸುತ್ತೇನೆ. ಈ ವರ್ಷ ಅದರಿಂದ ಎರಡು ಸಲ ದುಡ್ಡು ತೆಗೆದಿದ್ದೇನೆ.